ನಿಮ್ಮ ಭೀಮಪ್ಪ ಯಾಕೆ ಓಡಿಹೋಗುವುದಿಲ್ಲ?

ಸಿಂಧನೂರಿನ ಗೆಳೆಯರಿಗೆ ನಮಸ್ಕಾರ.

ನೀವು ಕಳಿಸಿದ 'ಭಯದ ಆಟಕ್ಕೆ ಏಳು ವೀರರು' ಓದಿದೆ. ಬೇಡವಾದ ಬರಹಕ್ಕೆ ನಾನು ಎರಡು ಸಾಲು ಬರೆದು ಸುಮ್ಮನಾಗುವವನು. ನಿಮಗೆ ಇಷ್ಟುದ್ದ ಬರೆಯುತ್ತಿರುವುದಕ್ಕೆ ಕಾರಣ, ನಿಮ್ಮ ಬರಹ ನನಗೆ ಸಿಟ್ಟು ತರಿಸಿತು. ಬರೀ ಕೆಟ್ಟ ಬರಹಕ್ಕೆ ಅಷ್ಟು ಸಿಟ್ಟು ಬರುವುದಿಲ್ಲ. ನಿಮ್ಮ ಹೆಸರು ಬಿಟ್ಟು ಇದನ್ನು ನಮ್ಮ ಸಲಹೆ ಅಂಕಣದಲ್ಲೇ ಹಾಕುತ್ತಿದ್ದೇನೆ. ಇದೇ ಥರದ ಬರಹ ಕಳಿಸುವವರು ಇನ್ನೂ ಇದ್ದಾರೆ.

ಗೊತ್ತಿಲ್ಲದ ಓದುಗರಿಗೆ ಒಂದು ಮಾತು. ಇದು ಮೇಜಿನ ಸುತ್ತ ಕೂತು ಆಡುವ ಆಟ. ರೋಲ್‌ಪ್ಲೇಯಿಂಗ್ ಗೇಮ್ ಅಂತಾರೆ. ಗೇಮ್ ಮಾಸ್ಟರ್ ಆದವನು ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು, ಆ ಪಾತ್ರ ಏನು ಮಾಡುತ್ತದೆ ಎಂದು ಬಾಯಿಮಾತಲ್ಲಿ ಹೇಳುತ್ತಾರೆ. ಕೆಲಸ ಆಗುತ್ತೋ ಇಲ್ಲವೋ ಎನ್ನುವ ಕಡೆ ದಾಳ ಎಸೆಯುತ್ತಾರೆ. ನಮ್ಮ ಗೆಳೆಯರು ದೆವ್ವದ ಕಥೆಯ ಇಂಥದೊಂದು ಆಟಕ್ಕೆ ಏಳು ಬಗೆಯ ಪಾತ್ರ ಮಾಡಿ ಕಳಿಸಿದ್ದಾರೆ. ಗಣಿ ಕಾವಲುಗಾರ, ಜೋಗತಿ, ಪತ್ರಕರ್ತ, ಡಾಕ್ಟರ್, ಇನ್‌ಸ್ಪೆಕ್ಟರ್, ಪುರಾತತ್ವದ ಸಂಶೋಧಕಿ, ಲಾರಿ ಡ್ರೈವರ್.

ಮೊದಲು ಒಳ್ಳೆಯದು ಹೇಳಿ ಮುಗಿಸುತ್ತೇನೆ. ಜಾಗ ಚೆನ್ನಾಗಿ ಹಿಡಿದಿದ್ದೀರಿ. ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ, ಚಪ್ಪಡಿ ಕಲ್ಲು ನಿಲ್ಲಿಸಿ ಮೇಲೊಂದು ಹಾಸಿದ ಆ ಗೋರಿಗಳು, ಕೆಲವಕ್ಕೆ ಕೊರೆದ ದುಂಡನೆ ಕಿಂಡಿ, ಗುಂಡಿನ ಮೇಲೆ ಕೂತ ಕಲ್ಲು ನಗಾರಿ. ಗಂಗಾವತಿ ಕಡೆಯವರಿಗೆ ಇದೆಲ್ಲ ಗೊತ್ತು. ಅಲ್ಲಿ ಕುಳ್ಳ ಜನ ಮನೆ ಮಾಡಿಕೊಂಡಿದ್ದರು ಅನ್ನುವ ಮಾತೂ ಗೊತ್ತು. ಸುಮ್ನೆ ನೋಡಲು ಬಂದವನೊಬ್ಬ ಆ ನಗಾರಿ ಬಡಿಯುತ್ತಾನೆ. ಅದೇ ಹೊತ್ತಿಗೆ ರಾಯಚೂರು ಜಿಲ್ಲೆಯ ಒಂದು ಚಿನ್ನದ ಗಣಿಯ ಒಳಗಿಂದ ಅದೇ ಲಯದಲ್ಲಿ ಉತ್ತರ ಬರುತ್ತದೆ. ಈ ಎರಡು ಸಾಲು ಓದಿದಾಗ ಮಧ್ಯಾಹ್ನ ಎರಡು ಗಂಟೆ. ಬಳ್ಳಾರಿಯ ಬಿಸಿಲು ಗೊತ್ತಲ್ಲ. ಆ ಬಿಸಿಲಲ್ಲೂ ಮೈ ಜುಮ್ಮೆಂದಿತು. ಹೊಗಳಿಕೆ ಇಷ್ಟೇ.

ಪುಟ ತಿರುಗಿಸಿದರೆ ಭೀಮಪ್ಪ ಬಂದ. ನೀವು ಬರೆದದ್ದು ಹೀಗಿದೆ:

"ಭೀಮಪ್ಪ, ಗಣಿಯ ರಾತ್ರಿ ಕಾವಲುಗಾರ. ವಯಸ್ಸು 35. ಆರೂವರೆ ಅಡಿ ಎತ್ತರದ ಆಳು. ಭಯ ಎಂದರೇನೆಂದೇ ಅವನಿಗೆ ಗೊತ್ತಿಲ್ಲ. ಧೈರ್ಯ 6. ಆಯುಧ: ಕಬ್ಬಿಣದ ರಾಡು. ಗುರಿ: ಕೆಡುಕನ್ನು ನಾಶ ಮಾಡುವುದು."

ಒಂದೊಂದೇ ಸಾಲು ನೋಡೋಣ.

ಆರೂವರೆ ಅಡಿ. ಮೇಜಿನ ಸುತ್ತ ಕೂತವರಿಗೆ ಈ ಎತ್ತರ ಕಾಣುವುದಿಲ್ಲ. ಅದರಿಂದ ಏನಾದರೂ ಆಗಬೇಕು. ಹಟ್ಟಿ ಕಡೆ ಎರಡು ಸಾವಿರ ವರ್ಷದ ಹಿಂದೆಯೇ ಬಂಡೆಗೆ ಬೆಂಕಿ ಕೊಟ್ಟು ಸೀಳಿ ಚಿನ್ನ ತೆಗೆದಿದ್ದಾರೆ. ನಿಮ್ಮ ಗಣಿಗೂ ಅಂಥ ಹಳೇ ಸುರಂಗ ಇದೆ ಎಂದು ನೀವೇ ಮೂರನೇ ಪುಟದಲ್ಲಿ ಬರೆದಿದ್ದೀರಿ. ಮನುಷ್ಯ ತೆವಳಿಕೊಂಡು ಹೋಗುವಷ್ಟೇ ಜಾಗ ಎಂದೂ ಬರೆದಿದ್ದೀರಿ. ಸದ್ದು ಬರುವುದೂ ಅಲ್ಲಿಂದಲೇ. ಹಾಗಾದರೆ ಈ ಆರೂವರೆ ಅಡಿ ಆಳು ಅಲ್ಲಿ ಹೇಗೆ ತಿರುಗುತ್ತಾನೆ? ಒಳಗೆ ಹೋದರೆ ಹಿಂದೆ ಹಿಂದೆ ಸರಿದೇ ಹೊರಗೆ ಬರಬೇಕು. ಮುಂದೆ ಏನಿದೆಯೋ ಅದಕ್ಕೆ ಮುಖ ಕೊಟ್ಟೇ ಇರಬೇಕು. ನೋಡಿ, ಹೆದರಿಕೆ ನಿಮ್ಮ ಕೈಯಲ್ಲೇ ಇತ್ತು. ನೀವು ಅದನ್ನು ಮೈಕಟ್ಟು ಹೊಗಳಲು ಖರ್ಚು ಮಾಡಿಬಿಟ್ಟಿರಿ.

ಇನ್ನು ಭಯ ಗೊತ್ತಿಲ್ಲ ಎನ್ನುವ ಸಾಲು. ಪೆನ್ನು ಕೆಳಗಿಟ್ಟಿದ್ದು ಇಲ್ಲಿ.

ನಾನು ಪಾತ್ರ ಕಟ್ಟುವುದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. ಸಿರುಗುಪ್ಪ ಕಡೆಯ ನಮ್ಮೂರಲ್ಲಿ ಬಯಲಾಟದ ತಾಲೀಮು ನಡೆಯುತ್ತಿತ್ತು. ಹೈಸ್ಕೂಲಿನ ಹುಡುಗ ನಾನು. ಅಕ್ಷರ ಬಲ್ಲವನು ಎನ್ನುವ ಕಾರಣಕ್ಕೆ ಪುಸ್ತಕ ಹಿಡಿದು ಪಾರ್ಟು ಹೇಳಿಕೊಡುವ ಕೆಲಸ ನನ್ನದು. ಆ ವರ್ಷ ರಾಜನ ಪಾರ್ಟು ಸಿಕ್ಕಿದ್ದು ಗುಂಡು ಕಲ್ಲು ಎತ್ತುವ ಒಬ್ಬ ಪೈಲ್ವಾನನಿಗೆ. ರಕ್ಕಸ ಬಂದ ಕೂಡಲೇ ಅವನು ಕತ್ತಿ ಎತ್ತಿ ಮುಂದೆ ನುಗ್ಗುತ್ತಿದ್ದ. ಮಾಸ್ತರು ಪೇಟಿ ನಿಲ್ಲಿಸುತ್ತಿದ್ದರು. ಮತ್ತೆ ಮೊದಲಿಂದ. ಮತ್ತೆ ನುಗ್ಗುತ್ತಿದ್ದ. ಕೊನೆಗೆ ಮಾಸ್ತರು ಎದ್ದು ಬಂದು ಅವನ ಮೊಣಕಾಲು ಹಿಡಿದು ಹಿಂದಕ್ಕೆ ತಳ್ಳಿದರು.

"ಲೇ, ರಕ್ಕಸ ಬಂದಾನ. ನೀ ನೋಡಿದಿ. ಮೊದ್ಲು ನಿನ್ನ ಕಾಲು ಹಿಂದಕ ಹೋಗ್ಬೇಕು. ನಿನ್ನ ಕಾಲು ಹಿಂದಕ ಹೋಗ್ಲಿಲ್ಲಂದ್ರ ಕೂತ ಮಂದಿಗೆ ರಕ್ಕಸ ಬಂದಾನಂತ ಹ್ಯಾಂಗ ಗೊತ್ತಾಗ್ಬೇಕು?"

ಪೈಲ್ವಾನನಿಗೆ ಅವಮಾನ ಆಯಿತು. ಊರ ಮಂದಿ ಮುಂದೆ ಹೆಜ್ಜೆ ಹಿಂದಿಡುವುದು ಅಂದರೆ ಏನು ಮಾತು! ಮಾಸ್ತರು ಬಿಡಲಿಲ್ಲ. ಒಂದು ಹೆಜ್ಜೆ ಹಿಂದೆ, ಕತ್ತಿಯ ಹಿಡಿ ಹುಡುಕುವ ಕೈ, ಆಮೇಲೆ ಉಸಿರು, ಆಮೇಲೆ ಮಾತು. ಆಟದ ರಾತ್ರಿ ನಾನು ಪರದೆ ಬದಿಗೆ ಪುಸ್ತಕ ಹಿಡಿದು ನಿಂತಿದ್ದೆ. ಅವನು ಹೆಜ್ಜೆ ಹಿಂದಿಟ್ಟಾಗ ಮುಂದೆ ಚಾಪೆ ಮೇಲೆ ಕೂತ ಹುಡುಗರೆಲ್ಲ ಕೂತಲ್ಲೇ ಹಿಂದಕ್ಕೆ ಜರುಗಿದರು. ರಕ್ಕಸನ ಪಾರ್ಟು ಮಾಡಿದವನು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವನು ನಮ್ಮೂರ ಹಿಟ್ಟಿನ ಗಿರಣಿಯವನು, ಸಣ್ಣ ಆಸಾಮಿ. ಅವನನ್ನು ದೊಡ್ಡವನು ಮಾಡಿದ್ದು ಪೈಲ್ವಾನನ ಕಾಲು.

ನಿಮ್ಮ ಭೀಮಪ್ಪನಿಗೆ ಭಯ ಗೊತ್ತಿಲ್ಲ ಎಂದ ಮೇಲೆ, ಅವನನ್ನು ಆಡುವವನಿಗೂ ಗೊತ್ತಾಗುವುದಿಲ್ಲ. ಗೇಮ್ ಮಾಸ್ಟರ್ ದೀಪ ಆರಿಸಿ, ದನಿ ತಗ್ಗಿಸಿ ಏನು ಹೇಳಿದರೂ "ನಾನು ರಾಡು ತಗೊಂಡು ಹೋಗ್ತೀನಿ" ಎನ್ನುತ್ತಾನೆ. ನೀವೇ ಹಾಗೆ ಬರೆದುಕೊಟ್ಟಿದ್ದೀರಿ, ಅಲ್ವಾ?

ಧೈರ್ಯ 6. ನಿಮ್ಮ ನಿಯಮದ ಪ್ರಕಾರ ಇಪ್ಪತ್ತು ಮುಖದ ದಾಳ ಎಸೆದು, ಧೈರ್ಯ ಕೂಡಿಸಬೇಕು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆದರಲಿಲ್ಲ ಎಂದು ಅರ್ಥ. ಲೆಕ್ಕ ಹಾಕಿದ್ದೀರಾ? 2 ಬಿದ್ದರೂ 8 ಆಯಿತು. 1 ಬಿದ್ದರೆ ಮಾತ್ರ 7. ಅಂದರೆ ಇಪ್ಪತ್ತರಲ್ಲಿ ಒಂದು. ಇಡೀ ರಾತ್ರಿ ಆಡಿ ಹತ್ತು ಸಲ ಈ ದಾಳ ಎಸೆದರೂ, ಒಮ್ಮೆಯೂ ಹೆದರದೆ ಮನೆಗೆ ಹೋಗುವ ಸಾಧ್ಯತೆ ನೂರಕ್ಕೆ 60ರ ಹತ್ತಿರ. ಇದು ದೆವ್ವದ ಆಟವೋ, ಪಿಕ್ನಿಕ್ಕೋ?

ಮೊದಲ ಪುಟದಲ್ಲೇ ನೀವು ಕಾಲ್ ಆಫ್ ಕ್ತುಲು ಎನ್ನುವ ಭಯದ ಆಟದ ಹೆಸರು ಹೇಳಿ, ಅದೇ ನನಗೆ ಸ್ಫೂರ್ತಿ ಎಂದಿದ್ದೀರಿ. ಅದರಿಂದ ತೆಗೆದುಕೊಂಡದ್ದೇನು ಎಂದು ಹುಡುಕಿದೆ, ಸಿಗಲಿಲ್ಲ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರ ಆಡುತ್ತಾ ಆಡುತ್ತಾ ಬಲಿಯುತ್ತದೆ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ಮಾಡಿದ ಕ್ತುಲು ಆಟ ಈ ಲೆಕ್ಕವನ್ನೇ ತಿರುಗಿಸಿತು. ಅಲ್ಲಿನ ನಾಯಕರು ಪ್ರೊಫೆಸರು, ಪತ್ರಕರ್ತ, ಹಳೇ ಸಾಮಾನು ಕೂಡಿಡುವವರು. ಲೈಬ್ರರಿಯಲ್ಲಿ ಹುಡುಕುವುದೂ ಅಲ್ಲಿ ಒಂದು ಕೌಶಲ, ಅದಕ್ಕೂ ದಾಳ. ಸ್ಯಾನಿಟಿ ಎಂದು ಒಂದು ಅಂಕ ಇರುತ್ತದೆ, ಬುದ್ಧಿಯ ಸ್ಥಿಮಿತದ ಅಂಕ. ನೋಡಬಾರದ್ದು ಕಂಡಾಗ ಅದು ಇಳಿಯುತ್ತದೆ. ಆ ಕರಾಳ ಲೋಕದ ಗುಟ್ಟು ತಿಳಿದಷ್ಟೂ ಆ ಅಂಕ ಏರಬಹುದಾದ ಮಿತಿಯೇ ಕುಗ್ಗುತ್ತದೆ. ಗುಟ್ಟು ತಿಳಿಯದೆ ಕಥೆ ಮುಂದೆ ಹೋಗದು. ತಿಳಿದರೆ ತಲೆ ಕೆಡುತ್ತದೆ. ಆಟಗಾರ ನಡುವೆ ಸಿಕ್ಕಿಬಿದ್ದ. ಭೀಮಪ್ಪನ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆದ ಹಾಳೆಯಲ್ಲಿ, ಇಳಿಯುವ ಅಂಕ ಒಂದಾದರೂ ಇದೆಯಾ? ನಾನು ಎರಡು ಸಲ ನೋಡಿದೆ.

ರಾಡಿನ ಬಗ್ಗೆ ಒಂದೇ ಪ್ರಶ್ನೆ. ನಿಮ್ಮ ದೆವ್ವಕ್ಕೆ ಮೈಯಿಲ್ಲ, ಅದು ಒಂದು ಸದ್ದು. ಸದ್ದಿಗೆ ರಾಡಿನಿಂದ ಎಲ್ಲಿ ಹೊಡೆಯುತ್ತಾನೆ?

ಕೊನೆಯ ಸಾಲು, ಕೆಡುಕನ್ನು ನಾಶ ಮಾಡುವುದು. ಸಂಬಳಕ್ಕೆ ದುಡಿಯುವ ರಾತ್ರಿ ಪಾಳಿ ಕಾವಲುಗಾರನ ಗುರಿಯೇ ಇದು? ಅವನ ಗುರಿ ಬೆಳಗಾಗುವುದು. ಮೊದಲ ಸದ್ದಿಗೇ ಅವನು ಸೈಕಲ್ ಹತ್ತಿ ಮನೆಗೆ ಹೋಗಬೇಕು. ಹೋಗುವುದಿಲ್ಲ ಎಂದರೆ ಯಾಕೆ? ದೆವ್ವದ ಆಟದಲ್ಲಿ ಪಾತ್ರ ಮಾಡುವವನು ಮೊದಲು ಉತ್ತರ ಕೊಡಬೇಕಾದದ್ದು ಇದಕ್ಕೆ. ಎತ್ತರ, ತೂಕ, ರಾಡು ಎಲ್ಲ ಆಮೇಲೆ.

ಡ್ರೆಡ್ ಅಂತ ಒಂದು ಆಟ ಇದೆ, ಸಿಕ್ಕರೆ ನೋಡಿ. ಅದರಲ್ಲಿ ದಾಳವೇ ಇಲ್ಲ. ಮೇಜಿನ ಮೇಲೆ ಜೆಂಗಾದ ಮರದ ತುಂಡುಗಳ ಗೋಪುರ. ಕಷ್ಟದ ಕೆಲಸ ಬಂದಾಗ ಒಂದು ತುಂಡು ಎಳೆದು ಮೇಲಿಡಬೇಕು. ಬೀಳಿಸಿದವನ ಪಾತ್ರ ಕಥೆಯಿಂದ ಹೊರಗೆ. ಪಾತ್ರ ಮಾಡುವಾಗ ಅಂಕವೂ ಇಲ್ಲ. ಗೇಮ್ ಮಾಸ್ಟರ್ ಕೆಲವು ಪ್ರಶ್ನೆ ಕೊಡುತ್ತಾನೆ, ಆಟಗಾರ ಉತ್ತರ ಬರೆಯುತ್ತಾನೆ, ಪಾತ್ರ ತಯಾರು. ನಾನಾಗಿದ್ದರೆ ಭೀಮಪ್ಪನನ್ನು ಆಡುವವನಿಗೆ ಇದನ್ನು ಕೇಳುತ್ತಿದ್ದೆ: ನಿನ್ನೆ ಪಾಳಿಯಲ್ಲಿ ಎಂಟು ಜನ ಕೆಳಗಿಳಿದರು, ಮೇಲೆ ಬಂದದ್ದು ಏಳು ಜನ. ರಿಜಿಸ್ಟರಿನಲ್ಲಿ ಎಂಟು ಎಂದು ಸಹಿ ಹಾಕಿದ್ದು ಯಾಕೆ? ಆ ಎಂಟನೆಯವನು ನಿನಗೆ ಏನಾಗಬೇಕು? ಅವನ ಹೆಂಡತಿ ಬೆಳಿಗ್ಗೆ ಗೇಟಿಗೆ ಬಂದಾಗ ಏನು ಹೇಳಿದೆ?

ಈಗ ಭೀಮಪ್ಪ ಓಡಿಹೋಗಲಿ ನೋಡೋಣ. ಆಗುವುದಿಲ್ಲ. ಯಾರಿಗೂ ಹೇಳಲೂ ಆಗುವುದಿಲ್ಲ. ಒಳಗಿಂದ ಸದ್ದು ಬಂದರೆ ಅವನಿಗೆ ಅದು ದೆವ್ವವೋ, ಬದುಕಿರುವ ಆ ಎಂಟನೆಯವನು ಬಂಡೆ ಬಡಿಯುತ್ತಿದ್ದಾನೋ ಗೊತ್ತಿಲ್ಲ. ಶೀಟಿನಲ್ಲಿ ಧೈರ್ಯ 6ರ ಬದಲು 'ಸಹಿ 3' ಎಂದು ಬರೆಯಿರಿ. ಯಾರಾದರೂ ಆ ರಿಜಿಸ್ಟರ್ ಕೇಳಿದಾಗಲೆಲ್ಲ ಒಂದು ಕಡಿಮೆ. ಸೊನ್ನೆಯಾದರೆ ಅವನು ನಿಜ ಹೇಳಲೇಬೇಕು, ಇಲ್ಲವೇ ಒಬ್ಬನೇ ಕೆಳಗಿಳಿಯಬೇಕು. ಎರಡರಲ್ಲಿ ಯಾವುದು ಎಂದು ಆಟಗಾರ ಆರಿಸಲಿ. ಗಣಿಗೆ ಮಾತ್ರ ನಿಮ್ಮದೇ ಒಂದು ಹೆಸರು ಕಟ್ಟಿ ಇಡಿ. ಇರುವ ಗಣಿಯ ಹೆಸರಲ್ಲಿ ಇಲ್ಲದ ಸಾವು ಬೇಡ.

ಇನ್ನು ನಿಮ್ಮ ಜೋಗತಿ. ಇಲ್ಲಿ ಸಿಟ್ಟು ಸ್ವಲ್ಪ ಜಾಸ್ತಿಯೇ ಬಂತು.

"ನಿಗೂಢ ಜೋಗತಿ. ಕಣ್ಣಲ್ಲಿ ಬೆಂಕಿ. ಮಂತ್ರಶಕ್ತಿ 5. ಪ್ರೇತಗಳ ಜತೆ ಮಾತಾಡಬಲ್ಲಳು." ಹೆಸರೂ ಇಲ್ಲ. ಏಳು ಜನರಲ್ಲಿ ಹೆಸರಿಲ್ಲದವಳು ಇವಳೊಬ್ಬಳೇ, ಗಮನಿಸಿದಿರಾ? ಭೀಮಪ್ಪನಿಗೆ ಇದೆ, ಇನ್‌ಸ್ಪೆಕ್ಟರಿಗೆ ಇದೆ, ಲಾರಿ ಡ್ರೈವರಿಗೆ ಅಡ್ಡಹೆಸರೂ ಇದೆ.

ನೀವು ಸಿಂಧನೂರಿನವರು. ಹುಲಿಗಿ ನಿಮಗೆ ದೂರವಲ್ಲ. ಹುಣ್ಣಿಮೆ ದಿನ ಹುಲಿಗೆಮ್ಮನ ಗುಡಿ ಮುಂದೆ ಒಂದು ತಾಸು ನಿಂತು ಬನ್ನಿ. ಚೌಡಿಕೆ ವಾದ್ಯ ಹಿಡಿದ ಜೋಗತಿಯರ ಕಣ್ಣಲ್ಲಿ ಬೆಂಕಿ ಹುಡುಕಬೇಡಿ. ರಾತ್ರಿಯೆಲ್ಲ ಹಾಡಿ ನಿದ್ದೆಗೆಟ್ಟ ಕಣ್ಣು ಸಿಗುತ್ತದೆ. ತಲೆ ಮೇಲೆ ದೇವಿಯನ್ನು ಹೊತ್ತ ಪಡಲಗಿ ಬುಟ್ಟಿ ಇಳಿಸಿ ಕತ್ತು ನೀವಿಕೊಳ್ಳುವುದು ಕಾಣುತ್ತದೆ. ಭಂಡಾರದ ಚೀಲಕ್ಕೂ ಚಿಲ್ಲರೆಯ ಚೀಲಕ್ಕೂ ಬೇರೆ ಬೇರೆ ಗಂಟು. ಕಥೆ, ಹಾಡು, ಕುಣಿತ ಎಲ್ಲವೂ ವರ್ಷಗಟ್ಟಲೆ ಕಲಿತ ಕಸುಬು. ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಕೊಟ್ಟದ್ದು ಮಂತ್ರಶಕ್ತಿಗಲ್ಲ, ಕಲೆಗೆ.

ಜೋಗತಿ ಆಟದಲ್ಲಿ ಇರಬಾರದು ಅನ್ನುತ್ತಿಲ್ಲ. ಇರಲಿ, ಅವಳೇ ಎಲ್ಲರಿಗಿಂತ ಗಟ್ಟಿ ಪಾತ್ರ ಆಗಬಹುದು. ಅವಳಿಗೆ ಏನು ಮಾಡಲು ಬರುತ್ತದೆ ಎಂದು ಯೋಚಿಸಿ. ಯಾವ ಮನೆ ಬಾಗಿಲಿಗೆ ಬೇಕಾದರೂ ಹೋಗಿ ನಿಲ್ಲಬಲ್ಲಳು, ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಜೋಳ ಹಾಕಲು ಬಂದ ಹೆಂಗಸು ಇನ್‌ಸ್ಪೆಕ್ಟರಿಗೆ ಹೇಳದ್ದನ್ನು ಅವಳಿಗೆ ಹೇಳುತ್ತಾಳೆ. ಮೂರು ಊರಿನ ಸುದ್ದಿ ಅವಳ ಹತ್ತಿರ ಇದೆ. ಆದರೆ ಕತ್ತಲಾದ ಮೇಲೆ ಆ ಮನೆಗಳಲ್ಲಿ ಎಷ್ಟು ಮನೆ ಅವಳನ್ನು ಒಳಗೆ ಮಲಗಿಸಿಕೊಳ್ಳುತ್ತವೆ? ಇದೇ ನಿಮ್ಮ ನಿಯಮ. ಹಗಲು ಯಾವ ಮನೆಯಿಂದ ಬೇಕಾದರೂ ಒಂದು ಸುದ್ದಿ ತರಬಹುದು, ದಾಳ ಬೇಡ. ರಾತ್ರಿ ಮಾತ್ರ ಅವಳು ಹೊರಗೇ ಇರುತ್ತಾಳೆ. ಉಳಿದ ಆರು ಜನ ಬಾಗಿಲು ಹಾಕಿಕೊಂಡು ಮಲಗಿದಾಗ ಸದ್ದು ಮೊದಲು ಕೇಳುವುದು ಅವಳಿಗೆ. ಅವಳು ಬಾಗಿಲು ಬಡಿಯುತ್ತಾಳೆ. ತೆರೆಯಬೇಕೋ ಬೇಡವೋ ಎಂದು ಒಳಗಿನ ಆಟಗಾರರು ತೀರ್ಮಾನ ಮಾಡಬೇಕು. ಆಗ ಮೇಜಿನ ಸುತ್ತ ಕೂತವರ ಮುಖ ನೋಡಬೇಕು ನೀವು. ಪ್ರೇತ ಬರುವುದೂ ಬೇಡ.

ಉಳಿದ ಐವರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಡಾಕ್ಟರ್ ಪರವಾಗಿಲ್ಲ. ಇನ್‌ಸ್ಪೆಕ್ಟರ್ ಯಾವುದೋ ಸಿನಿಮಾದಿಂದ ಎದ್ದು ಬಂದಿದ್ದಾನೆ, ಅವನನ್ನು ಅಲ್ಲಿಗೇ ವಾಪಸ್ ಕಳಿಸಿ.

ಮತ್ತೆ ಬರೆದು ಕಳಿಸುವುದಾದರೆ ಏಳು ಬೇಡ, ಈ ಇಬ್ಬರನ್ನೇ ಕಳಿಸಿ. ಒಬ್ಬೊಬ್ಬರಿಗೆ ಒಂದು ಪುಟ ಸಾಕು. ಕಳಿಸುವ ಮುಂಚೆ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಒಂದು ರಾತ್ರಿ ಆಡಿ ನೋಡಿ. ಯಾರು ಎಲ್ಲಿ ಮೊಬೈಲ್ ತೆಗೆದು ನೋಡಿದರು ಎಂದು ಬರೆದಿಟ್ಟುಕೊಳ್ಳಿ, ಆ ಜಾಗವನ್ನೇ ಮೊದಲು ತಿದ್ದಿ. ಜೋಗತಿಗೆ ಹೆಸರಿಡಿ. ಮತ್ತೆ ದಯವಿಟ್ಟು ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಈ ಸಲ ಕಳಿಸಿದ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಭೀಮಪ್ಪ ಮೂರು ಕಡೆ ಭೀಮಪ ಆಗಿದ್ದ.