ಮೊದಲು ಕೇಳಿದವರ ಪಾಲು

ಪ್ರಶ್ನೆ: ನಮ್ಮ ಕಾಲೇಜಿನ ಸಭಾಂಗಣದಲ್ಲಿ ಹಿಂದೊಮ್ಮೆ ಕನ್ನಡದಲ್ಲಿ ರಾಕ್ ಹಾಡುವ ತಂಡವೊಂದರ ಕಾರ್ಯಕ್ರಮ ಕೇಳಿದ್ದೆ. ಮುಂದಿನ ಎರಡು ಸಾಲು ಬಿಟ್ಟರೆ ಕುರ್ಚಿಗಳೆಲ್ಲ ಖಾಲಿ. ಆಮೇಲೂ ಅವರು ಎಲ್ಲಿ ಹಾಡಿದರೂ ಹೋಗುತ್ತಿದ್ದೆ. ಈಗ ಅವರ ಹಾಡು ಎಲ್ಲರ ಮೊಬೈಲಿನಲ್ಲೂ ಇದೆ. ಸಂತೋಷಪಡಬೇಕಾದ ನನಗೆ ಏನನ್ನೋ ಕಳೆದುಕೊಂಡ ಹಾಗಾಗುತ್ತಿದೆ. ಇದು ಹೊಟ್ಟೆಕಿಚ್ಚೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಅಲ್ಲ. ನಿಮ್ಮ ಸಂಕಟಕ್ಕೆ ಕಾರಣವಿದೆ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಮ್ಯಾಥ್ಯೂ ಬೀದಿಯಲ್ಲಿ ಕ್ಯಾವರ್ನ್ ಎಂಬ ಕ್ಲಬ್ ಇತ್ತು. ಹಳೆಯ ಗೋದಾಮಿನ ನೆಲಮಾಳಿಗೆ, ಇಟ್ಟಿಗೆಯ ಕಮಾನುಗಳು, ಜನರ ಉಸಿರಿಗೇ ಬೆವರುತ್ತಿದ್ದ ಗೋಡೆಗಳು. ಮುಂದೆ ಜಗತ್ತೇ ಮೆಚ್ಚಿದ ರಾಕ್ ತಂಡ ಬೀಟಲ್ಸ್‌ನ ಹುಡುಗರು 1961ರಲ್ಲಿ ಅಲ್ಲಿ ಮಧ್ಯಾಹ್ನದ ಹೊತ್ತಿನಲ್ಲೂ ಹಾಡುತ್ತಿದ್ದರು. ಹತ್ತಿರದ ಕಚೇರಿ, ಅಂಗಡಿಗಳಲ್ಲಿ ದುಡಿಯುವ ಹುಡುಗಿಯರು ಊಟದ ಬಿಡುವಿನಲ್ಲಿ ಓಡಿಬಂದು ತಮಗೆ ಬೇಕಾದ ಹಾಡು ಕೇಳಿ ಹಾಡಿಸಿಕೊಳ್ಳುತ್ತಿದ್ದರು. ಹಾಡುವವರು ವೇದಿಕೆಯ ಮೇಲೇ ತಿನ್ನುತ್ತಿದ್ದರು, ಸಿಗರೇಟು ಸೇದುತ್ತಿದ್ದರು, ಎದುರಿಗಿದ್ದವರನ್ನು ಕಿಚಾಯಿಸುತ್ತಿದ್ದರು. ನವೆಂಬರ್ 9ರಂದು ಪಕ್ಕದ ಬೀದಿಯ ರೆಕಾರ್ಡ್ ಅಂಗಡಿಯ ಬ್ರಿಯಾನ್ ಎಪ್‌ಸ್ಟೈನ್ ಆ ಮೆಟ್ಟಿಲಿಳಿದು ಬಂದರು. ಮುಂದೆ ಅವರೇ ಬೀಟಲ್ಸ್ ತಂಡದ ಮ್ಯಾನೇಜರ್ ಆದರು. ಬೀಟಲ್ಸ್ ತಂಡವನ್ನು ಕಂಡುಹಿಡಿದವರೆಂದು ಚರಿತ್ರೆ ಅವರನ್ನು ಹೊಗಳುತ್ತದೆ. ನನ್ನ ಮಟ್ಟಿಗೆ ಆ ಹೊಗಳಿಕೆಯ ದೊಡ್ಡ ಪಾಲು ಊಟದ ಬಿಡುವಿನ ಹುಡುಗಿಯರಿಗೆ ಸೇರಬೇಕು.

ಏಕೆ ಗೊತ್ತೇ? ಆ ಡಿಸೆಂಬರಿನಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಯ ಮೈಕ್ ಸ್ಮಿತ್ ಕ್ಯಾವರ್ನ್‌ಗೆ ಬಂದು ಕೇಳಿದರು, ಮೆಚ್ಚಿದರು, ಲಂಡನ್ನಿಗೆ ಕರೆದರು. 1962ರ ಜನವರಿ 1ರಂದು ಬೀಟಲ್ಸ್‌ನ ಅದೇ ನಾಲ್ವರು ಸ್ಟುಡಿಯೋದಲ್ಲಿ ಹದಿನೈದು ಹಾಡು ಹಾಡಿದರು. ಡೆಕ್ಕಾ ಬೇಡವೆಂದಿತು! ಹಿಂದಿನ ದಿನದ ಚಳಿಯ ಪ್ರಯಾಣ, ಹೊಸ ಜಾಗದ ಅಂಜಿಕೆ, ಹಾಡುಗಳ ಆಯ್ಕೆ ಎಲ್ಲವೂ ಕಾರಣವಾಗಿರಬಹುದು. ನನಗೆ ಎದ್ದು ಕಾಣುವುದು ಎದುರಿಗೆ ಕೇಳುಗರೇ ಇರಲಿಲ್ಲ ಎಂಬುದು. ನೆಲಮಾಳಿಗೆಯಲ್ಲಿ ಕೇಳಿಸಿದ್ದರ ಅರ್ಧ ಭಾಗ ಕೇಳುಗರದೇ ಆಗಿತ್ತು.

1963ರ ಆರಂಭದಲ್ಲಿ, ಬೇರೆ ಕಂಪನಿಯಿಂದ ಬಂದ ಅವರ ಎರಡನೆಯ ರೆಕಾರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಸುದ್ದಿಯನ್ನು ಕ್ಯಾವರ್ನ್‌ನಲ್ಲಿ ಪ್ರಕಟಿಸಿದಾಗ ಚಪ್ಪಾಳೆ ಬೀಳಲಿಲ್ಲ, ಮೌನ ಕವಿಯಿತು ಎಂದು ನಿರೂಪಕ ಬಾಬ್ ವೂಲರ್ ಹೇಳಿದ್ದಾರೆ. ಹುಡುಗರು ಇನ್ನು ತಮ್ಮ ಊರಿನವರಾಗಿ ಉಳಿಯುವುದಿಲ್ಲವೆಂದು ಎಲ್ಲರಿಗೂ ಅರ್ಥವಾಗಿತ್ತು. ಅದೇ ಆಗಸ್ಟ್ 3ರಂದು ಬೀಟಲ್ಸ್ ಅಲ್ಲಿ ಕೊನೆಯ ಬಾರಿ ಹಾಡಿದರು. ನಿಮ್ಮದೂ ಅದೇ ಮೌನ.

ನಮ್ಮಲ್ಲೂ ಇಂಥವರಿದ್ದಾರೆ. ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿದ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. ಅದಕ್ಕೂ ವರ್ಷಗಳ ಮೊದಲು ಅವರ ಹಿಂದಿನ ‘ಅಂತರಾಗ್ನಿ’ ತಂಡವನ್ನು ವೇದಿಕೆಯ ಎದುರು ನಿಂತು ಕೇಳಿದವರನ್ನು ಆ ಆಲ್ಬಮ್ಮಿನ ಪಾಲುದಾರರೆಂದೇ ನಾನು ಎಣಿಸುತ್ತೇನೆ.

ಆದ್ದರಿಂದ ‘ಮೊದಲು ಕೇಳಿದವನು ನಾನು’ ಎಂದು ಹೆಮ್ಮೆಯಿಂದ ಹೇಳಿ. ಆದರೆ ನಿನ್ನೆ ಕೇಳಿ ಮೆಚ್ಚಿದವರನ್ನು ಕೀಳಾಗಿ ಕಾಣಬೇಡಿ. ಅವರಿಗೆ ಆ ಖಾಲಿ ಕುರ್ಚಿಗಳ ಸಂಜೆಯನ್ನು ವರ್ಣಿಸಿ, ಆಗ ಹಾಡಿ ಈಗ ಕೈಬಿಟ್ಟಿರುವ ಹಾಡುಗಳ ಬಗ್ಗೆ ತಿಳಿಸಿ. ಅದನ್ನು ಹೇಳಬಲ್ಲವರು ನಿಮ್ಮಂಥ ಕೆಲವರು ಮಾತ್ರ.

ಪ್ರಶ್ನೆ: ಮುಂದೆ ಹೆಸರು ಮಾಡುವ ತಂಡವನ್ನು ಈಗಲೇ ಗುರುತಿಸುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಡೆಕ್ಕಾದವರಿಗೇ ಆಗಲಿಲ್ಲ! ಆ ಲೆಕ್ಕಾಚಾರ ಬಿಡಿ. ಒಂದೇ ತಂಡವನ್ನು ಮತ್ತೆ ಮತ್ತೆ ಹೋಗಿ ಕೇಳಿ. ಹಳೆಯ ಹಾಡಿನಲ್ಲಿ ಏನನ್ನಾದರೂ ತಿದ್ದಿದ್ದಾರೆಯೇ, ಹತ್ತೇ ಜನ ಬಂದ ದಿನವೂ ಮನಸ್ಸಿಟ್ಟು ಹಾಡುತ್ತಾರೆಯೇ ನೋಡಿ. ಮತ್ತು ದಯವಿಟ್ಟು ಪಾಸ್ ಕೇಳಬೇಡಿ, ಟಿಕೆಟ್ ಕೊಂಡು ಹೋಗಿ. ಸಣ್ಣ ತಂಡದ ಮುಂದಿನ ಕಾರ್ಯಕ್ರಮದ ವ್ಯಾನ್ ಬಾಡಿಗೆ ಅದರಿಂದಲೇ ಹುಟ್ಟಬೇಕು.