ಪಂಡಾಲು ಹೋಯಿತು, ಸರಿ. ಕಾಗದ ಓದಿದವರು ಯಾರು?

ಕಾಸರಗೋಡಿನ ಹೆದ್ದಾರಿಯನ್ನು ಇಷ್ಟೊಂದು ಅಗಲ ಮಾಡುವುದು ಬೇಡವೆಂದು ಹಿಂದೆ ಪಂಡಾಲು ಹಾಕಿ ಕೂತವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದಕ್ಕೆ ಉಪ್ಪಳದ ಓದುಗರೊಬ್ಬರ ಪತ್ರ: “ಅವರ ಮಾತು ಕೇಳಿದ್ದರೆ ಈಗಲೂ ಪೇಟೆಯಲ್ಲಿ ಬ್ಲಾಕಾಗಿ ಕೂತಿರಬೇಕಿತ್ತು. ದುಡ್ಡೂ ಸಿಕ್ಕಿತಲ್ಲ, ಮತ್ತೆ ಯಾಕೆ ಅಳು?”

ಬ್ಲಾಕಿನ ಮಾತು ನಿಜ. ಆಂಬುಲೆನ್ಸ್‌ನಲ್ಲಿ ಮಂಗಳೂರಿಗೆ ಹೋದವರಿಗೆ ಅದು ಜಾಸ್ತಿ ಗೊತ್ತು. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥದ ರಸ್ತೆಯಲ್ಲಿ ನಾನೂ ಕಾರು ಓಡಿಸುತ್ತೇನೆ. “ಇಡೀ ಊರೇ ಕೂತಿತ್ತು” ಎಂದು ನಾವು ಬರೆದದ್ದೂ ತಪ್ಪು. ಮಧ್ಯಾಹ್ನ ಗಂಜಿಯ ಹೊತ್ತಿಗೆ ಇಪ್ಪತ್ತು ಜನ, ಸಂಜೆ ಮಳೆ ಬಂದರೆ ನಾಲ್ಕು. ಅಷ್ಟೇ.

ಆದರೆ ಅವರು ರಸ್ತೆಯೇ ಬೇಡ ಅಂದಿರಲಿಲ್ಲ. ಜಗಳ ಇದ್ದದ್ದು ಅಗಲದ್ದು. 2010ರಲ್ಲಿ ಕೇರಳದ ಸರ್ವಪಕ್ಷ ಸಭೆಯೇ 30 ಮೀಟರ್ ಸಾಕು ಅಂದಿತ್ತು. ಕೆಲವೇ ತಿಂಗಳಲ್ಲಿ ಅದು 45 ಆಯಿತು. ಆ ಹದಿನೈದು ಮೀಟರಿನೊಳಗೆ ಯಾರದೋ ಬಾವಿ, ಯಾರದೋ ಅಂಗಡಿ. ಬೆಲೆ ಸಿಗುವುದು ಜಾಗದ ಯಜಮಾನನಿಗೆ. ಇಪ್ಪತ್ತು ವರ್ಷ ಬಾಡಿಗೆಗೆ ಕೂತು ಗಿರಾಕಿ ಕಟ್ಟಿಕೊಂಡವನ ಕಥೆ ಬೇರೆ.

ನನ್ನನ್ನು ಇವತ್ತಿಗೂ ಕಾಡುವುದು ಒಂದು ಕಾಗದ. ಪಂಡಾಲೆಂದರೆ ನಾಲ್ಕು ಅಡಿಕೆ ಕಂಬ, ಮೇಲೊಂದು ನೀಲಿ ಟಾರ್ಪಾಲು. ಅದರ ಹಿಂದೆಯೇ ಒಬ್ಬ ಅಜ್ಜಿಯ ಮನೆ. ಸರ್ವೆ ಕಲ್ಲು ನೆಟ್ಟದ್ದು ಬಾವಿಕಟ್ಟೆಯ ಪಕ್ಕದಲ್ಲೇ. ಅಜ್ಜಿ ನೀರು ಸೇದಿ ಕೊಡಪಾನವನ್ನು ಅದರ ಮೇಲೇ ಇಡುತ್ತಿದ್ದರು, “ಸರ್ಕಾರ ಒಳ್ಳೆ ಕಲ್ಲು ಕೊಟ್ಟಿದೆ” ಅನ್ನುತ್ತಾ. ಮನೆಮಾತು ತುಳು, ಓದುವುದು ಕನ್ನಡ. ಜಾಗ ಬಿಟ್ಟುಕೊಡುವ ಬಗ್ಗೆ ಕೈಗೆ ಬಂದ ಸರ್ಕಾರದ ಕಾಗದ ಮಲಯಾಳದ್ದು. ಮೊಮ್ಮಗಳು ಶಾಲೆಯಿಂದ ಬಂದು ಓದಿ ಹೇಳಿದಾಗ ಆಕ್ಷೇಪ ಹಾಕಲು ಮೂರೇ ದಿನ ಉಳಿದಿತ್ತು.

1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆ ಆಕ್ಷೇಪಕ್ಕೆ ಕೊಡುವುದು 21 ದಿನ. ಅಧಿಸೂಚನೆಯ ಸಾರ ಎರಡು ಪತ್ರಿಕೆಗಳಲ್ಲಿ ಬರಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು ಅನ್ನುತ್ತದೆ. ಕಾಸರಗೋಡಿನಲ್ಲಿ ಸ್ಥಳೀಯ ಭಾಷೆ ಯಾವುದು? ದಿಲ್ಲಿಯಲ್ಲಿ ಕೂತು ಬರೆದವರಿಗೆ ಈ ಪ್ರಶ್ನೆ ಹೊಳೆದಿರಲಿಕ್ಕಿಲ್ಲ. ಇಲ್ಲಿನವರಿಗೆ ಹೊಳೆಯಬೇಕಿತ್ತು ಅಲ್ವಾ? ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕೆಂದು ಕೇರಳದ್ದೇ 1969ರ ಭಾಷಾ ಕಾಯಿದೆ ಹೇಳುತ್ತದೆ. ಆದರೆ ಮೊದಲು ಬಂದ ಕಾಗದವೇ ಅರ್ಥವಾಗದಿದ್ದರೆ ಬರೆಯುವುದಾದರೂ ಏನನ್ನು?

ಪಂಡಾಲಿನವರು ಸುಮ್ನೆ ಕೂತದ್ದಲ್ಲ. ಆ ಕಾಗದಗಳನ್ನು ಕನ್ನಡಕ್ಕೆ ತಂದು ಗಟ್ಟಿಯಾಗಿ ಓದುತ್ತಿದ್ದ ಜಾಗ ಆ ಪಂಡಾಲು ಒಂದೇ.

ಅಜ್ಜಿ ಈಗ ರಸ್ತೆಯಾಚೆ ಮಗಳ ಮನೆಯಲ್ಲಿದ್ದಾರೆ. ಮೊದಲು ನಡೆದೇ ಹೋಗುತ್ತಿದ್ದ ದೈವಸ್ಥಾನಕ್ಕೆ ಅಂಡರ್‌ಪಾಸ್ ಸುತ್ತಿ ರಿಕ್ಷಾದಲ್ಲಿ ಹೋಗುತ್ತಾರೆ. ಬಾವಿ ಮುಚ್ಚುವ ಹಿಂದಿನ ದಿನ ಕೊಡಪಾನವೊಂದನ್ನು ಮಾತ್ರ ಮರೆಯದೆ ತಂದರಂತೆ.