ಮೈಸೂರಲ್ಲಿ ರಿಟೈರ್ ಆಗಿ ಥಾಯ್ಲೆಂಡ್‌ನಲ್ಲಿ ಇರೋಕೆ ಎಷ್ಟು ದುಡ್ಡು ಬೇಕು, ರೂಲ್ಸ್ ಏನು?

50 ವರ್ಷ ತುಂಬಿದ್ರೆ ರಿಟೈರ್‌ಮೆಂಟ್ ವೀಸಾಗೆ ಅಪ್ಲೈ ಮಾಡ್ಬೋದು ಸಾರ್, ಆದ್ರೆ 8 ಲಕ್ಷ ಬಾತ್ ಬ್ಯಾಂಕಲ್ಲಿ ತೋರಿಸ್ಬೇಕು, ನಮ್ಮ ದುಡ್ಡಲ್ಲಿ 20 ಲಕ್ಷದ ಮೇಲೇ ಆಗುತ್ತೆ, ಇಲ್ಲಾಂದ್ರೆ ತಿಂಗಳಿಗೆ 65,000 ಬಾತ್ ಆದಾಯ. ಪೆನ್ಷನ್ನು ಜೊತೆಗೆ ಕುವೆಂಪುನಗರದ ಮನೆ ಬಾಡಿಗೆ ಸೇರಿಸಿದ್ರೂ ಸುಮಾರು ಜನಕ್ಕೆ ಅಷ್ಟು ಮುಟ್ಟಲ್ಲ, ಹಂಗಾಗಿ ಡೆಪಾಸಿಟ್ ದಾರೀನೇ ವಾಸಿ. ಆ ದುಡ್ಡನ್ನ ಖರ್ಚಿಗೆ ಅಂತ ನೆಚ್ಕೋಬೇಡಿ, ವರ್ಷ ವರ್ಷ ರಿನ್ಯೂ ಮಾಡ್ಸೋವಾಗ ಮತ್ತೆ ತೋರಿಸ್ಬೇಕು.

ಅಲ್ಲಿ ಕೆಲ್ಸ ಮಾಡೋ ಹಾಗಿಲ್ಲ, 90 ದಿನಕ್ಕೊಂದ್ಸಲ ಇಮಿಗ್ರೇಷನ್‌ಗೆ ವಿಳಾಸ ತಿಳಿಸ್ಬೇಕು. ಜಮೀನು ನಿಮ್ಮ ಹೆಸ್ರಿಗೆ ಆಗಲ್ಲ, ಕಾಂಡೋ ಫ್ಲಾಟ್ ಆಗುತ್ತೆ. ಬಾಡಿಗೆ ಬ್ಯಾಂಕಾಕ್, ಫುಕೆಟ್‌ಗಿಂತ ಚಿಯಾಂಗ್ ಮಾಯ್‌ನಲ್ಲಿ ಕಮ್ಮಿ.

ನಂಗೆ ನಿಜವಾಗ್ಲೂ ಚಿಂತೆ ಅನ್ಸೋದು ಆಸ್ಪತ್ರೆ ಖರ್ಚು, ವಯಸ್ಸಾದಷ್ಟೂ ಇನ್ಶೂರೆನ್ಸ್ ಪ್ರೀಮಿಯಂ ಏರುತ್ತೆ, ಬಿಪಿ ಶುಗರ್ ಇದ್ರಂತೂ ಪಾಲಿಸಿ ಸಿಗೋದೇ ಕಷ್ಟ, ದಯವಿಟ್ಟು ಇದನ್ನ ಮೊದ್ಲು ವಿಚಾರಿಸಿ ಆಮೇಲೆ ಮನೆ ಮಾರೋ ಮಾತಾಡಿ.

ಇಲ್ಲಿಂದ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಕಳಿಸ್ಬೋದು. ಅಲ್ಲೇ ನೆಲೆಸಿದ್ಮೇಲೆ ಇಲ್ಲಿನ ಸೇವಿಂಗ್ಸ್ ಅಕೌಂಟ್‌ನ ಎನ್‌ಆರ್‌ಒ, ಅಂದ್ರೆ ಹೊರದೇಶದಲ್ಲಿ ಇರೋರ ಅಕೌಂಟ್ ಮಾಡಿಸ್ಬೇಕು. ಸರ್ಕಾರಿ ಪೆನ್ಷನ್ ಇದ್ರೆ ವರ್ಷಕ್ಕೊಂದ್ಸಲ ಲೈಫ್ ಸರ್ಟಿಫಿಕೇಟ್ ಮರೀಬೇಡಿ, ಅದು ಹೋಗದಿದ್ರೆ ಪೆನ್ಷನ್ ನಿಂತ್ಹೋಗುತ್ತೆ.